‘ನೀರು ಕುಡಿದ್ರೆ ಎಲ್ಲಿಗೆ ಹೋಗ್ಲಿ?’: ಮಂಡಕ್ಕಿ ಭಟ್ಟಿಯ ಒಂದು ಬೇಸಿಗೆ, ಒಂದು ಪ್ರಕರಣ

ಇದು 2024ರ ಬೇಸಿಗೆಯಲ್ಲಿ ನಡೆದದ್ದು. ನಾನು ದಾವಣಗೆರೆಯ ಹಳೇ ಊರಿನ ಕಡೆ ಒಂದು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವೈದ್ಯೆ. ಈ ಪ್ರಕರಣದಲ್ಲಿ ನನ್ನ ತಪ್ಪೂ ಇದೆ. ಅದನ್ನು ಮುಚ್ಚಿಡದೆ ಬರೆದರೆ ಮಾತ್ರ ಬೇರೆ ವೈದ್ಯರಿಗೆ, ನರ್ಸ್‌ಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಉಪಯೋಗ ಆಗುತ್ತದೆ ಅಂತ ನನ್ನ ನಂಬಿಕೆ. ರೋಗಿಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಾರದು ಅಂತ ವಯಸ್ಸು, ಮನೆಯವರ ವಿವರ, ದಿನಾಂಕಗಳನ್ನು ಸ್ವಲ್ಪ ಬದಲಿಸಿದ್ದೇನೆ. ಬೀದಿಯಲ್ಲಿ ಎಲ್ಲರೂ ಅವರನ್ನು ಆಪಾ ಅನ್ನುತ್ತಾರೆ, ಅಂದರೆ ಅಕ್ಕ. ಇಲ್ಲಿ ನಾನೂ ಹಾಗೇ ಕರೆಯುತ್ತೇನೆ.

ಹಿನ್ನೆಲೆ

ಆಪಾಗೆ 46 ವರ್ಷ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡಿದ್ದಾರೆ. ಗಂಡನೂ ಅಲ್ಲೇ ಇದ್ದವರು. ಉಸಿರಾಟದ ತೊಂದರೆ ಬಂದ ಮೇಲೆ ಬಿಟ್ಟು ಈಗ ಮನೆ ಹತ್ತಿರ ಸಣ್ಣ ಪೆಟ್ಟಿಗೆ ಅಂಗಡಿ ಇಟ್ಟುಕೊಂಡಿದ್ದಾರೆ. ಮನೆಯಲ್ಲಿ ವಯಸ್ಸಾದ ಅತ್ತೆ, ಪಿಯುಸಿ ಓದುವ ಮಗಳು. ಒಂದೂವರೆ ಕೋಣೆಯ ಮನೆ. ಮೇಲೆ ತಗಡು.

ದಾವಣಗೆರೆಯವರಿಗೆ ಮಂಡಕ್ಕಿಯ ಬಗ್ಗೆ ಹೇಳುವ ಅಗತ್ಯ ಇಲ್ಲ. ಸಂಜೆ ಆದರೆ ಮಂಡಕ್ಕಿ, ಮಿರ್ಚಿ ಇಲ್ಲದ ಓಣಿ ನಮ್ಮಲ್ಲಿ ಇಲ್ಲ. ಆದರೆ ಅದು ಆಗುವ ಜಾಗವನ್ನು ಒಳಗೆ ಹೋಗಿ ನೋಡಿದವರು ಕಡಿಮೆ. ನಾನೂ ಆ ಬೇಸಿಗೆವರೆಗೆ ನೋಡಿರಲಿಲ್ಲ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಮಿಲ್ಲಿಗೆ ಹಾಕಿ ಅಕ್ಕಿ ಮಾಡಿಸುತ್ತಾರೆ. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಬೆಚ್ಚಗೆ ಮಾಡಿ, ಚೆನ್ನಾಗಿ ಕಾದ ಮರಳಿನಲ್ಲಿ ಹುರಿಯುತ್ತಾರೆ. ಮರಳು 200 ಡಿಗ್ರಿಗಿಂತ ಜಾಸ್ತಿ ಕಾದಿರಬೇಕು. ಆಗ ಕ್ಷಣದಲ್ಲಿ ಕಾಳು ಅರಳುತ್ತದೆ. ಒಲೆಗೆ ಭತ್ತದ ಹೊಟ್ಟು. ಒಬ್ಬರು ಹೊಟ್ಟು ತುಂಬುತ್ತಾ ಇರಬೇಕು, ಒಬ್ಬರು ಹುರಿಯಬೇಕು, ಒಬ್ಬರು ಜರಡಿ ಹಿಡಿಯಬೇಕು. ಆಪಾ ಜರಡಿಗೆ ನಿಲ್ಲುತ್ತಿದ್ದರು. ಅಂದರೆ ಬಾಣಲೆಯಿಂದ ಎರಡು ಮಾರು ದೂರ. ಕೂಲಿ ಚೀಲದ ಲೆಕ್ಕದಲ್ಲಿ. ಕೂತರೆ ಚೀಲ ಕಡಿಮೆ, ಚೀಲ ಕಡಿಮೆಯಾದರೆ ದುಡ್ಡು ಕಡಿಮೆ.

2021ರಲ್ಲಿ ಅವರಿಗೆ ಬಿಪಿ ಇರುವುದು ಗೊತ್ತಾಯಿತು. ಟೆಲ್ಮಿಸಾರ್ಟನ್ ಮಾತ್ರೆ ಕೊಡುತ್ತಿದ್ದೆವು. ತಪ್ಪದೆ ಬರುತ್ತಿದ್ದರು. 2024ರ ಜನವರಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ 0.9 ಇತ್ತು. ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಕಸ ಅದು, ಏರಿದರೆ ಕಿಡ್ನಿ ಸೋಲುತ್ತಿದೆ ಅಂತ. ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿತ್ತು ಅಂತ ಅರ್ಥ. ಫೆಬ್ರವರಿ ಕೊನೆಯಲ್ಲಿ ಬಿಪಿ 158/96 ಬಂತು. ನಾನು ಕ್ಲೋರ್‌ಥಾಲಿಡೋನ್ ಸೇರಿಸಿದೆ. ಮೂತ್ರ ಜಾಸ್ತಿ ಮಾಡಿಸಿ ಬಿಪಿ ಇಳಿಸುವ ಮಾತ್ರೆ ಅದು. ಜನ ಅದನ್ನು ನೀರಿನ ಮಾತ್ರೆ ಅನ್ನುತ್ತಾರೆ. ಜೊತೆಗೆ ಎಂದಿನಂತೆ ಹೇಳಿದೆ: ಉಪ್ಪು ಕಡಿಮೆ ಮಾಡಿ. ಪುಸ್ತಕದ ಪ್ರಕಾರ ಎರಡೂ ಸರಿ. ಮುಂದೆ ಬರುವುದು ಬೇಸಿಗೆ, ಈ ಹೆಂಗಸು ನಿಲ್ಲುವುದು ಬೆಂಕಿಯ ಮುಂದೆ ಅನ್ನುವುದನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ವರ್ಷ ಹೇಗಿತ್ತು ಅನ್ನುವುದು ಎಲ್ಲರಿಗೂ ನೆನಪಿರುತ್ತದೆ. 2023ರ ಮುಂಗಾರು ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. ನೆಲ ಒಣಗಿದ್ದರೆ ಬಿಸಿಲಿಗೆ ಆರಿಸಲು ತೇವ ಇರುವುದಿಲ್ಲ, ಶಾಖವೆಲ್ಲ ಗಾಳಿಗೇ ಸೇರುತ್ತದೆ. ಮಾರ್ಚ್‌ನಲ್ಲೇ ಮೇ ತಿಂಗಳ ಝಳ ಶುರುವಾಗಿತ್ತು. 1901ರಿಂದ ಇಟ್ಟಿರುವ ಲೆಕ್ಕದಲ್ಲಿ ದೇಶಕ್ಕೆ ಅತಿ ಬಿಸಿಯಾದ ವರ್ಷ 2024 ಅಂತ ಹವಾಮಾನ ಇಲಾಖೆ ಆಮೇಲೆ ಹೇಳಿತು.

ತೊಂದರೆ ಕಾಣಿಸಿಕೊಂಡದ್ದು

ಏಪ್ರಿಲ್ ಮಧ್ಯದಲ್ಲಿ ಆಪಾ ಬಂದರು. ಉರಿಮೂತ್ರ, ಸುಸ್ತು, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ ಅಂದರು. ಆ ದಿನ ಹೊರರೋಗಿಗಳ ಸಾಲು ಬಾಗಿಲಾಚೆಗೂ ಇತ್ತು. ಮೂತ್ರದ ಸೋಂಕು ಅಂದುಕೊಂಡು ಮಾತ್ರೆ ಬರೆದೆ. “ನೀರು ಜಾಸ್ತಿ ಕುಡೀರಿ ಅಕ್ಕಾ” ಅಂದೆ. ಅವರು ತಲೆಯಾಡಿಸಿದರು. ಬಿಸಿಲಿನ ಬಗ್ಗೆ ಒಂದು ಕರಪತ್ರ ಕೊಟ್ಟೆವು, ಎರಡು ಓಆರ್‌ಎಸ್ ಪ್ಯಾಕೆಟ್ ಕೊಟ್ಟೆವು. ಕರಪತ್ರದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೊರಗೆ ಹೋಗಬೇಡಿ, ಕೊಡೆ ಹಿಡಿಯಿರಿ, ತೆಳು ಬಣ್ಣದ ಹತ್ತಿ ಬಟ್ಟೆ ಹಾಕಿ ಅಂತ ಇತ್ತು.

ಒಂದು ವಾರ ಬಿಟ್ಟು ಬೇರೆ ಕಡೆ ಹೋಗಿ ಗ್ಲೂಕೋಸ್ ಹಾಕಿಸಿಕೊಂಡಿದ್ದಾರೆ. ಅಲ್ಲಿ ಸೊಂಟ ನೋವಿಗೆ ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಟ್ಟಿದ್ದಾರೆ. ಎರಡು ದಿನ ಆರಾಮ ಅನ್ನಿಸಿತಂತೆ. ಮತ್ತೆ ಭಟ್ಟಿಗೆ ಹೋದರು.

ಆ ತಿಂಗಳ ಕೊನೆಯಲ್ಲಿ ಒಂದು ದಿನ ಬೆಳಿಗ್ಗೆ ಹನ್ನೊಂದೂವರೆಗೆ ಆಪಾ ಜರಡಿಯ ಪಕ್ಕದಲ್ಲೇ ಕುಸಿದರು. ಆಟೋದಲ್ಲಿ ನಮ್ಮಲ್ಲಿಗೆ ತಂದರು. ಮೈ ಬಿಸಿ 38.9 ಡಿಗ್ರಿ ಸೆಲ್ಸಿಯಸ್. ನಾಡಿ ನಿಮಿಷಕ್ಕೆ 118. ಯಾವಾಗಲೂ ಬಿಪಿ ಜಾಸ್ತಿ ಅಂತ ಬರುತ್ತಿದ್ದವರಿಗೆ ಅವತ್ತು ಬಿಪಿ 88/56. ನಾಲಿಗೆ ಮರದ ತೊಗಟೆ ಥರ ಒಣಗಿತ್ತು. ಮಾತಾಡಿಸಿದರೆ ಉತ್ತರ ಕೊಡುತ್ತಿದ್ದರು, ಆದರೆ ತಡವಾಗಿ. ಪ್ರಜ್ಞೆ ಇತ್ತು, ಮೈ ಬಿಸಿ 40 ಡಿಗ್ರಿ ದಾಟಿರಲಿಲ್ಲ. ಹಾಗಾಗಿ ಇದು ಶಾಖಾಘಾತ ಅಲ್ಲ, ಅದರ ಹಿಂದಿನ ಮೆಟ್ಟಿಲು. ಕತ್ತು, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಟ್ಟೆವು, ಫ್ಯಾನ್ ಹತ್ತಿರ ತಂದೆವು, ಸಲೈನ್ ಹಚ್ಚಿದೆವು. ನಮ್ಮ ನರ್ಸ್ ಕೇಳಿದ ಒಂದು ಪ್ರಶ್ನೆ ದಿಕ್ಕನ್ನೇ ಬದಲಿಸಿತು. “ಆಪಾ, ಕೊನೇ ಸಲ ಒಂದಕ್ಕೆ ಹೋಗಿದ್ದು ಯಾವಾಗ?”

“ನಿನ್ನೆ ರಾತ್ರಿ.”

108 ಕರೆಸಿ ದೊಡ್ಡಾಸ್ಪತ್ರೆಗೆ ಕಳಿಸಿದೆವು. ಅಲ್ಲಿ ಕ್ರಿಯಾಟಿನಿನ್ 3.1 ಬಂತು. ಪೊಟ್ಯಾಸಿಯಂ ಕೂಡ ಏರಿತ್ತು. ಮೂರು ತಿಂಗಳ ಹಿಂದೆ 0.9 ಇದ್ದದ್ದು! ಡಯಾಲಿಸಿಸ್ ಹತ್ತಿರಕ್ಕೆ ಹೋಗಿ ವಾಪಸ್ ಬಂದರು. ಮೂರು ದಿನದಲ್ಲಿ 1.6ಕ್ಕೆ ಇಳಿಯಿತು, ಮನೆಗೆ ಕಳಿಸಿದರು.

ಚೀಲದಲ್ಲಿ ಸಿಕ್ಕ ಮಾತ್ರೆಗಳು

ಬಿಡುಗಡೆಯಾದ ಮಾರನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಹೋದರು. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಸಿಕೊಂಡು ಬನ್ನಿ ಅಂತ ಹೇಳಿ ಕಳಿಸಿದ್ದೆ. ಚೀಲದಲ್ಲಿ ನಮ್ಮ ಎರಡು ಬಿಪಿ ಮಾತ್ರೆ ಇದ್ದವು. ಜೊತೆಗೆ ಅರ್ಧ ಖಾಲಿಯಾದ ನಾಲ್ಕು ಪಟ್ಟಿ ನೋವಿನ ಮಾತ್ರೆ. ಭಟ್ಟಿಯಲ್ಲಿ ಎಲ್ಲರೂ ನುಂಗುತ್ತಾರಂತೆ. ದಿನವಿಡೀ ಬಗ್ಗಿ ಜರಡಿ ಹಿಡಿದರೆ ಸೊಂಟ ನಿಲ್ಲುವುದಿಲ್ಲ. ಬೆಳಿಗ್ಗೆ ಒಂದು, ಕೆಲಸ ಜಾಸ್ತಿ ಇದ್ದರೆ ಇನ್ನೊಂದು.

ಇಲ್ಲಿ ಸ್ವಲ್ಪ ನಿಂತು ವಿವರಿಸಬೇಕು. ಯಾಕೆಂದರೆ ಈ ಪ್ರಕರಣದ ಅರ್ಧ ಭಾಗ ಇದರಲ್ಲೇ ಇದೆ.

ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿಗೆ ಬರುವ ರಕ್ತ ಕಡಿಮೆಯಾಗುತ್ತದೆ. ಆಗ ಕಿಡ್ನಿ ತನ್ನನ್ನು ತಾನು ಕಾಪಾಡಿಕೊಳ್ಳಲು ಎರಡು ಕೆಲಸ ಮಾಡುತ್ತದೆ. ಒಳಗೆ ರಕ್ತ ತರುವ ಸಣ್ಣ ನಾಳವನ್ನು ಅಗಲ ಮಾಡಿಕೊಳ್ಳುತ್ತದೆ. ಹೊರಗೆ ಒಯ್ಯುವ ನಾಳವನ್ನು ಬಿಗಿ ಮಾಡುತ್ತದೆ. ಹೀಗೆ ಒಳಗಿನ ಒತ್ತಡ ಉಳಿಸಿಕೊಂಡು ಸೋಸುವ ಕೆಲಸ ನಡೆಸುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ನೋವಿನ ಮಾತ್ರೆ ಮೊದಲ ದಾರಿಯನ್ನು ಮುಚ್ಚುತ್ತದೆ. ಟೆಲ್ಮಿಸಾರ್ಟನ್ ಎರಡನೆಯದನ್ನು ಮುಚ್ಚುತ್ತದೆ. ನೀರಿನ ಮಾತ್ರೆ ಇರುವ ನೀರನ್ನೂ ಹೊರಗೆ ಹಾಕುತ್ತದೆ. ಒಂದೊಂದೇ ಆದರೆ ಕಿಡ್ನಿ ತಡೆದುಕೊಳ್ಳುತ್ತದೆ. ಮೂರೂ ಸೇರಿ, ಅದರ ಮೇಲೆ ಗಂಟೆಗೆ ಒಂದು ಲೀಟರ್‌ವರೆಗೂ ಬೆವರು ಹರಿಯುವ ಕೆಲಸ ಸೇರಿದರೆ ತಡೆಯುವುದಿಲ್ಲ.

ಬೆವರು ಯಾಕೆ ಅಷ್ಟು ಅನ್ನುವುದಕ್ಕೂ ಕಾರಣ ಇದೆ. ನಮ್ಮ ಚರ್ಮದ ಬಿಸಿ ಸುಮಾರು 35 ಡಿಗ್ರಿ. ಸುತ್ತಲಿನ ಗಾಳಿ ಅದಕ್ಕಿಂತ ಬಿಸಿಯಾದರೆ ಗಾಳಿ ನಮ್ಮನ್ನು ತಂಪು ಮಾಡುವುದಿಲ್ಲ, ನಮಗೇ ಬಿಸಿ ಕೊಡುತ್ತದೆ. ಆಗ ಮೈಗೆ ಉಳಿಯುವ ದಾರಿ ಬೆವರು ಆರುವುದೊಂದೇ. ಭಟ್ಟಿಯಲ್ಲಿ ಗಾಳಿಯ ಬಿಸಿ ಸಾಲದು ಅಂತ ಬೆಂಕಿಯ ಝಳ ನೇರವಾಗಿ ಮೈಗೆ ಬಡಿಯುತ್ತದೆ.

ಮೂರು ಮಾತ್ರೆಗಳಲ್ಲಿ ಎರಡು ನಾನು ಬರೆದವು. ಮೂರನೆಯದರ ಬಗ್ಗೆ ನಾನು ಕೇಳಿರಲಿಲ್ಲ. ಈ ಮಾತು ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಭಟ್ಟಿಯೊಳಗೆ

ಮಾತ್ರೆಗಳ ಕಥೆ ಗೊತ್ತಾಯಿತು. ಆದರೆ ನೀರು? ಕುಡೀರಿ ಅಂತ ಪ್ರತಿ ಸಲ ಹೇಳಿದ್ದೆವು. ಓಆರ್‌ಎಸ್ ಕೊಟ್ಟಿದ್ದೆವು. ಆ ಎರಡೂ ಪ್ಯಾಕೆಟ್ ಒಡೆಯದೆ ಹಾಗೇ ಚೀಲದಲ್ಲಿದ್ದವು. ಯಾಕೆ ಅಂತ ಕೇಳಿದರೆ ಆಪಾ ಹೇಳಿದ್ದು: “ಅದರಲ್ಲಿ ಉಪ್ಪು ಇರ್ತದಲ್ಲ ಮೇಡಂ. ಉಪ್ಪು ಬಿಡಿ ಅಂತ ನೀವೇ ಹೇಳಿದ್ರಿ.” ನಮ್ಮದೇ ಎರಡು ಸಲಹೆ ಒಂದಕ್ಕೊಂದು ಅಡ್ಡ ನಿಂತಿದ್ದವು. ಅವರು ನಿಯತ್ತಿನಿಂದ ಹಳೆಯದನ್ನು ಪಾಲಿಸಿದ್ದರು.

ನೀರು ಕುಡಿಯದ ಕಾರಣ ಅವರು ನನಗೆ ಹೇಳಲಿಲ್ಲ. ಆಶಾಗೆ ಹೇಳಿದರು. “ನೀರು ಕುಡಿದ್ರೆ ಎಲ್ಲಿಗೆ ಹೋಗ್ಲಿ?”

ಭಟ್ಟಿಯಲ್ಲಿ ಶೌಚಾಲಯ ಇರಲಿಲ್ಲ. ಗಂಡಸರು ಗೋಡೆಯ ಹಿಂದೆ ಹೋಗುತ್ತಾರೆ. ಹೆಂಗಸರು ಮನೆಗೆ ಹೋಗಬೇಕು, ಹೋಗಿ ಬರಲು ಅರ್ಧ ಗಂಟೆ. ಆ ಅರ್ಧ ಗಂಟೆ ಹುರಿಯುವವರು ಕಾಯುವುದಿಲ್ಲ. ಹಾಗಾಗಿ ಬೆಳಿಗ್ಗೆ ಒಂದು ಲೋಟ ಚಹಾ ಕುಡಿದು ಬಂದರೆ ಕೆಲಸ ಮುಗಿಯುವವರೆಗೆ ಬಾಯಿ ಒದ್ದೆ ಮಾಡಿಕೊಳ್ಳುವಷ್ಟೇ ನೀರು. ಅಲ್ಲಿರುವ ಎಲ್ಲ ಹೆಂಗಸರೂ ಹೀಗೇ. ಉರಿಮೂತ್ರ ಅವರಿಗೆ ಕಾಯಿಲೆ ಅನ್ನಿಸುವುದಿಲ್ಲ, ಬೇಸಿಗೆಯ ಭಾಗ ಅನ್ನಿಸುತ್ತದೆ.

ಆಮೇಲೆ ನಾನು ಹೋದೆ. ಬೆಳಿಗ್ಗೆ ಹತ್ತೂವರೆ. ಒಳಗೆ ಹತ್ತು ನಿಮಿಷ ನಿಲ್ಲಲು ಕಷ್ಟ ಆಯಿತು. ಕೈಯಲ್ಲಿದ್ದ ಥರ್ಮಾಮೀಟರನ್ನು ಜರಡಿ ನಿಲ್ಲುವ ಜಾಗದ ಹಿಂದಿನ ಗೋಡೆಗೆ ನೇತುಹಾಕಿದೆ. 46 ಡಿಗ್ರಿ ತೋರಿಸಿತು. ಬಯಲುಸೀಮೆಯಲ್ಲಿ ದಿನದ ಗರಿಷ್ಠ ಬಿಸಿ 40 ಡಿಗ್ರಿಯನ್ನಾದರೂ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿಯಾದರೆ ಹವಾಮಾನ ಇಲಾಖೆ ಬಿಸಿಗಾಳಿ ಅನ್ನುತ್ತದೆ. ಅದು ಬಯಲಿನ ಗಾಳಿಯ ಅಳತೆ. ಸೂರಿನ ಕೆಳಗಿನ ಈ 46ಕ್ಕೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ನಮ್ಮ ಕರಪತ್ರದ ಕೊಡೆ ಅಲ್ಲಿ ಯಾರಿಗೆ ಬೇಕು?

ಭಟ್ಟಿಯ ಮಾಲೀಕರು ಕೆಟ್ಟವರಲ್ಲ. ಅವರೂ ಹೊಟ್ಟು ತುಂಬುತ್ತಾರೆ, ಅವರ ಮಗನೂ ಅಲ್ಲೇ ಹುರಿಯುತ್ತಾನೆ. ಒಂದು ಮಾತು ಕೇಳಿದರು. “ನಮ್ಮ ಅಪ್ಪನ ಕಾಲದಲ್ಲೂ ಭಟ್ಟಿ ಇಷ್ಟೇ ಬಿಸಿ ಇತ್ತಲ್ವಾ ಮೇಡಂ? ಆಗ ಯಾರೂ ಬೀಳ್ತಿರಲಿಲ್ಲ.” ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅಲ್ಲೇ ಕೂತಿದ್ದ ಎಪ್ಪತ್ತು ದಾಟಿದ ಚಾಚಾ ಒಬ್ಬರು ಹೇಳಿದರು. “ಭಟ್ಟಿ ಅಷ್ಟೇ ಐತಿ. ಹೊರಗೆ ಬಂದ್ರೆ ಆಗ ತಣ್ಣಗೆ ಇರ್ತಿತ್ತು. ಬೇವಿನ ಮರ ಇತ್ತು. ರಾತ್ರಿ ಹೊದಿಕೆ ಬೇಕಾಗ್ತಿತ್ತು. ಈಗ ಭಟ್ಟಿಯಿಂದ ಮನೆಗೆ ಹೋದ್ರೆ ಅದೂ ಭಟ್ಟಿನೇ.”

ಹವಾಮಾನ ಬದಲಾವಣೆ ಬಗ್ಗೆ ತರಬೇತಿಗಳಲ್ಲಿ ಕೂತು ಕೇಳಿದ್ದಕ್ಕಿಂತ ಈ ಮಾತು ನನಗೆ ಜಾಸ್ತಿ ಕಲಿಸಿತು. ಬೆಂಕಿಯ ಮುಂದೆ ದುಡಿಯುವ ಮೈ ಉಳಿದುಕೊಂಡಿದ್ದು ಆಮೇಲೆ ಸಿಗುತ್ತಿದ್ದ ತಂಪಿನಿಂದ. ಸುಧಾರಿಸಿಕೊಳ್ಳುವ ಹೊತ್ತು ಅದು. ರಾತ್ರಿಗಳು ಬಿಸಿಯಾದಷ್ಟೂ ಆ ಹೊತ್ತು ಕರಗುತ್ತದೆ. ಆಪಾ ಮನೆಯ ತಗಡು ಹಗಲೆಲ್ಲ ಕಾದು, ರಾತ್ರಿ ಹನ್ನೆರಡಾದರೂ ಝಳ ಬಿಡುತ್ತಿತ್ತು. ಬಾಗಿಲು ತೆರೆದು ಮಲಗಲು ಸೊಳ್ಳೆ, ಮಗಳು ಇದ್ದಾಳೆ ಅನ್ನುವ ಹೆದರಿಕೆ. ನಾಲ್ಕು ಗಂಟೆ ನಿದ್ದೆಯೂ ಇಲ್ಲದೆ ಮತ್ತೆ ಬೆಂಕಿಯ ಮುಂದೆ. ರಾಜನಹಳ್ಳಿಯಿಂದ ಬರುವ ನದಿ ನೀರು ಆ ಬೇಸಿಗೆ ಅವರ ಬೀದಿಗೆ ತುಂಬ ದಿನಕ್ಕೊಮ್ಮೆ ಬರುತ್ತಿತ್ತು. ಸ್ನಾನಕ್ಕೂ ಲೆಕ್ಕ ಹಾಕಿ ನೀರು.

ಮಾಡಿ ನೋಡಿದ್ದು

ಮೊದಲು ಮಾತ್ರೆ. ನೀರಿನ ಮಾತ್ರೆ ಪೂರ್ತಿ ನಿಲ್ಲಿಸಿದೆ. ಕಿಡ್ನಿ ಸುಧಾರಿಸುವವರೆಗೆ ಟೆಲ್ಮಿಸಾರ್ಟನ್ ಕೂಡ ಬೇಡ ಅಂದಿದ್ದರು ದೊಡ್ಡಾಸ್ಪತ್ರೆಯಲ್ಲಿ. ಬೇರೆ ಬಗೆಯ ಬಿಪಿ ಮಾತ್ರೆ ಅಮ್ಲೋಡಿಪಿನ್ ಒಂದೇ ಕೊಟ್ಟೆವು. ಅದರಿಂದ ಪಾದ ಸ್ವಲ್ಪ ಊದಿತು. ಕಿಡ್ನಿ ಹೋಯಿತು ಅಂತ ಆಪಾ ಹೆದರಿ ಓಡಿ ಬಂದರು. ಮೊದಲೇ ಹೇಳಿಡಬೇಕಿತ್ತು, ಹೇಳಿರಲಿಲ್ಲ. ಡೈಕ್ಲೋಫೆನಾಕ್ ಥರದ ಮಾತ್ರೆ ಸುತರಾಂ ಬೇಡ, ನೋವಿಗೆ ಪ್ಯಾರಾಸಿಟಮಾಲ್, ಸೊಂಟಕ್ಕೆ ಹಚ್ಚುವ ಮುಲಾಮು. ಅದು ಸಾಲುವುದಿಲ್ಲ ಅಂತ ನನಗೂ ಗೊತ್ತು. ಜರಡಿಯನ್ನು ಇಟ್ಟಿಗೆ ಕಟ್ಟೆಯ ಮೇಲೆ ಎತ್ತರ ಮಾಡಿದ ಮೇಲೆ ಬಗ್ಗುವುದು ಕಡಿಮೆಯಾಗಿ ನೋವೂ ಕಡಿಮೆಯಾಯಿತು. ಆ ಉಪಾಯ ಮಾಲೀಕರ ಮಗನದು.

ಉಪ್ಪಿನ ಗೊಂದಲವನ್ನು ಹೀಗೆ ಬಿಡಿಸಿದೆವು. ಉಪ್ಪಿನಕಾಯಿ, ಹಪ್ಪಳ, ಅಂಗಡಿ ಖಾರ ಬೇಡ. ಭಟ್ಟಿಗೆ ಹೋಗುವ ದಿನ ಮಜ್ಜಿಗೆಗೆ ಚಿಟಿಕೆ ಉಪ್ಪು ಹಾಕಿ ಕುಡಿಯಬಹುದು. ತಲೆಸುತ್ತು, ಸೆಳೆತ ಬಂದ ದಿನ ಒಂದು ಲೀಟರ್ ನೀರಿಗೆ ಒಂದು ಪೂರ್ತಿ ಪ್ಯಾಕೆಟ್ ಓಆರ್‌ಎಸ್ ಹಾಕಿ ಕುಡಿಯಬೇಕು, ಹೆದರಬಾರದು. ವಾಂತಿ ಭೇದಿ ಆದರೆ ಬಿಪಿ ಮಾತ್ರೆಯನ್ನು ತಾವಾಗಿ ಮುಂದುವರಿಸದೆ ಅವತ್ತೇ ನಮ್ಮಲ್ಲಿಗೆ ಬರಬೇಕು.

ಶೌಚಾಲಯಕ್ಕೆ ದಾರಿ ಹುಡುಕಲು ಹದಿನೈದು ದಿನ ಹಿಡಿಯಿತು. ಕಾನೂನಿನ ಮಾತು ಎತ್ತಿ ನೋಡಿದೆವು. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯಲ್ಲಿ ಗಾಳಿ, ಕುಡಿಯುವ ನೀರು, ಶೌಚಾಲಯ ಎಲ್ಲಕ್ಕೂ ಕಲಮು ಇತ್ತು. ಆದರೆ ವಿದ್ಯುತ್ ಬಳಸುವ ಕಡೆ ಹತ್ತು ಜನ, ಬಳಸದ ಕಡೆ ಇಪ್ಪತ್ತು ಜನ ಕೆಲಸಗಾರರು ಇರಬೇಕಿತ್ತು. ಇಲ್ಲಿ ಇದ್ದವರು ಏಳು ಜನ. ಕಾಯ್ದೆ ಈ ಬಾಗಿಲಿನವರೆಗೆ ಬರುತ್ತಲೇ ಇರಲಿಲ್ಲ. ಜಗಳ ಆಡಿದ್ದರೆ ಆಪಾಗೆ ಕೆಲಸ ಹೋಗುತ್ತಿತ್ತು, ಅಷ್ಟೇ. ಕೊನೆಗೆ ಆಶಾ ಪಕ್ಕದ ಮನೆಯ ಅಜ್ಜಿಯನ್ನು ಒಪ್ಪಿಸಿದರು. ಅವರ ಹಿತ್ತಲ ಶೌಚಾಲಯವನ್ನು ಭಟ್ಟಿಯ ಹೆಂಗಸರು ಬಳಸಬಹುದು. ಬದಲಿಗೆ ಮಾಲೀಕರು ದಿನಾ ಆ ಮನೆಗೆ ಎರಡು ಕೊಡ ನೀರು ತುಂಬಿಸಬೇಕು, ತಿಂಗಳಿಗೆ ಸ್ವಲ್ಪ ದುಡ್ಡು ಕೊಡಬೇಕು. ಕೀಲಿ ಭಟ್ಟಿಯ ಬಾಗಿಲ ಮೊಳೆಯಲ್ಲಿ. ಮೊದಲ ವಾರ ಕೀಲಿ ಗಂಡಸರು ಕೂರುವ ಕಡೆ ಇತ್ತು, ಹೆಂಗಸರು ಹೋಗಿ ಕೇಳಲು ನಾಚಿ ಹೋಗಲೇ ಇಲ್ಲ. ಮೊಳೆಯನ್ನು ಜರಡಿಯ ಪಕ್ಕದ ಕಂಬಕ್ಕೆ ಹೊಡೆದ ಮೇಲೆ ಹೋಗತೊಡಗಿದರು. ಇಷ್ಟು ಸಣ್ಣ ವಿಷಯ ಇಡೀ ಪ್ರಯತ್ನವನ್ನು ಕೆಡಿಸಬಹುದಿತ್ತು.

ಹೊತ್ತು ಬದಲಿಸುವುದು ಎಲ್ಲಕ್ಕಿಂತ ಕಷ್ಟ ಅಂದುಕೊಂಡಿದ್ದೆ. ಅದಕ್ಕೆ ದಾರಿ ತೋರಿಸಿದ್ದು ಆಪಾ. ನಮ್ಮ ಕೇಂದ್ರದಲ್ಲೇ ಕೆಲವರು, ನಾನೂ ಸೇರಿ, ರೋಜಾದಿಂದ, ಅಂದರೆ ರಂಜಾನ್ ಉಪವಾಸದಿಂದ ಹೀಗಾಗಿರಬೇಕು ಅಂದುಕೊಂಡಿದ್ದೆವು. ಆ ವರ್ಷ ರಂಜಾನ್ ಮಾರ್ಚ್ 12ಕ್ಕೆ ಶುರುವಾಗಿ ಏಪ್ರಿಲ್ 11ಕ್ಕೆ ಹಬ್ಬ ಇತ್ತು. ಆಪಾ ಎಲ್ಲ ರೋಜಾ ಹಿಡಿದಿದ್ದರು. ಆದರೆ ತಾರೀಖು ಹಿಡಿದು ಕೇಳಿದಾಗ ಬೇರೆಯೇ ಚಿತ್ರ ಬಂತು. ರಂಜಾನ್‌ನಲ್ಲಿ ಅವರಿಗೆ ಏನೂ ಆಗಿರಲಿಲ್ಲ. ಆ ತಿಂಗಳು ಭಟ್ಟಿ ಸಹರಿ (ಉಪವಾಸಕ್ಕೆ ಮುಂಚೆ ಬೆಳಗಿನ ಜಾವದ ಊಟ), ನಮಾಜ್ ಆದ ಕೂಡಲೇ ಶುರುವಾಗಿ ಒಂಬತ್ತಕ್ಕೆಲ್ಲ ನಿಲ್ಲುತ್ತಿತ್ತು. ಸಹರಿಗೆ ಹೊಟ್ಟೆ ತುಂಬ ನೀರು ಕುಡಿದೇ ಬರುತ್ತಿದ್ದರು. ಹಗಲು ಮಲಗುತ್ತಿದ್ದರು. ಹಬ್ಬ ಮುಗಿದು, ಭಟ್ಟಿ ಮತ್ತೆ ಏಳರಿಂದ ಎರಡರವರೆಗೆ ಆಯಿತು. ಮದುವೆ, ಜಾತ್ರೆ, ಮೇ 7ರ ಮತದಾನದ ಪ್ರಚಾರ ಅಂತ ಆರ್ಡರ್ ಏರಿತು. ನಾಲ್ಕೈದು ದಿನಕ್ಕೆ ತೊಂದರೆ ಶುರು.

ಉಪವಾಸ ಕಾರಣ ಅಂತ ನಾವು ಸುಮ್ನೆ ಬರೆದುಬಿಟ್ಟಿದ್ದರೆ ತಪ್ಪಾಗುತ್ತಿತ್ತು. ಒಂದು ಸಮುದಾಯದ ಮೇಲೆ ತಪ್ಪು ಹೊರಿಸಿದಂತೆಯೂ ಆಗುತ್ತಿತ್ತು. ಪರಿಹಾರವನ್ನು ಆ ಜನ ತಾವೇ ಪ್ರತಿ ವರ್ಷ ಒಂದು ತಿಂಗಳು ಮಾಡಿ ತೋರಿಸುತ್ತಿದ್ದರು.

ಮಾಲೀಕರಿಗೆ ಅದನ್ನೇ ಹೇಳಿದೆವು. ರಂಜಾನ್ ಹೊತ್ತನ್ನೇ ಮಳೆ ಬರುವವರೆಗೆ ಇಟ್ಟುಕೊಳ್ಳಿ. ಅವರಿಗೆ ಲೆಕ್ಕ ಇತ್ತು. ಮರಳು ಕಾಯಲು ಒಂದು ಗಂಟೆ ಬೇಕು, ಮಧ್ಯೆ ನಿಲ್ಲಿಸಿದರೆ ಹೊಟ್ಟು ದಂಡ. ಹಾಗಾದರೆ ನಿಲ್ಲಿಸದೆ ಬೆಳಗಿನ ನಾಲ್ಕಕ್ಕೆ ಹಚ್ಚಿ ಹತ್ತಕ್ಕೆ ಮುಗಿಸೋಣ ಅಂತ ಒಪ್ಪಂದ ಆಯಿತು. ಜರಡಿಯವರು ಇಬ್ಬರು ಅರ್ಧ ಗಂಟೆಗೊಮ್ಮೆ ಬದಲಾಗಬೇಕು, ಕೂಲಿ ಇಬ್ಬರಿಗೂ ಸಮ. ಗೋಡೆಯ ಮೇಲ್ಭಾಗದ ಎರಡು ಕಡೆ ಇಟ್ಟಿಗೆ ತೆಗೆದು ಗಾಳಿಗೆ ದಾರಿ ಮಾಡಿದರು. ನಿಕರಾಗುವಾ, ಎಲ್ ಸಾಲ್ವಡೋರ್‌ನ ಕಬ್ಬಿನ ಗದ್ದೆಗಳಲ್ಲಿ ಕಿಡ್ನಿ ಕಳೆದುಕೊಳ್ಳುತ್ತಿದ್ದ ಕೂಲಿಯವರಿಗೆ ನೀರು, ವಿಶ್ರಾಂತಿ, ನೆರಳು ಅನ್ನುವ ಮೂರು ಮಾತಿನ ಕ್ರಮ ತಂದದ್ದನ್ನು ನಾನು ಓದಿದ್ದೆ. ನಮ್ಮಲ್ಲಿ ನೆರಳು ಇತ್ತು. ಉಳಿದ ಎರಡು ಇರಲಿಲ್ಲ.

ಆದದ್ದು

ನಾಲ್ಕು ವಾರದ ನಂತರ ಆಪಾ ಕ್ರಿಯಾಟಿನಿನ್ 1.2. ಮೊದಲಿನ 0.9ಕ್ಕೆ ಅದು ಇನ್ನೂ ಬಂದಿಲ್ಲ. ಒಮ್ಮೆ ಪೆಟ್ಟು ತಿಂದ ಕಿಡ್ನಿ ಮುಂದಿನ ಪೆಟ್ಟಿಗೆ ಬೇಗ ಸೋಲುತ್ತದೆ. ಜೂನ್‌ನಲ್ಲಿ ಬಿಪಿ ಮತ್ತೆ ಏರಿತು, ಮಳೆ ಶುರುವಾದ ಮೇಲೆ ಟೆಲ್ಮಿಸಾರ್ಟನ್ ಅನ್ನು ಕಡಿಮೆ ಪ್ರಮಾಣದಲ್ಲಿ ಮತ್ತೆ ಕೊಟ್ಟೆ, ಎರಡು ವಾರಕ್ಕೆ ರಕ್ತ ನೋಡಿದೆ. ಸರಿ ಇತ್ತು.

ಹೊತ್ತು ಬದಲಿಸಿದ್ದರಿಂದ ನಾವು ಎಣಿಸದ ಒಂದು ತೊಂದರೆ ಬಂತು. ಬೆಳಗಿನ ಜಾವ ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಮೇಲೇಳುವುದಿಲ್ಲ. ನಾಲ್ಕಕ್ಕೆ ಹಚ್ಚಿದ ಹೊಟ್ಟಿನ ಹೊಗೆ ಓಣಿಯಲ್ಲೇ ಕೂತಿತು. ದೇಶದ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಗಾಳಿ ಕೆಟ್ಟ ಊರುಗಳ ಪಟ್ಟಿಯಲ್ಲಿ ರಾಜ್ಯದ ನಾಲ್ಕು ಊರುಗಳಿವೆ, ದಾವಣಗೆರೆ ಅದರಲ್ಲೊಂದು. ಎರಡು ವಾರದಲ್ಲಿ ಅಕ್ಕಪಕ್ಕದ ಮಕ್ಕಳು ಕೆಮ್ಮು ಅಂತ ನಮ್ಮಲ್ಲಿಗೇ ಬಂದರು. ಆಪಾ ಗಂಡನ ಉಬ್ಬಸವೂ ಜಾಸ್ತಿಯಾಯಿತು. ಒಬ್ಬರನ್ನು ಬಿಸಿಯಿಂದ ಉಳಿಸಲು ಇನ್ನೊಬ್ಬರಿಗೆ ಹೊಗೆ ಕೊಟ್ಟ ಹಾಗಾಯಿತು. ಹಚ್ಚುವುದನ್ನು ಐದಕ್ಕೆ ತಂದೆವು, ಮಾಲೀಕರು ಚಿಮಣಿಯನ್ನು ಏಳೆಂಟು ಅಡಿ ಎತ್ತರಿಸಿದರು. ಕೆಮ್ಮು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಈ ಭಾಗಕ್ಕೆ ನನ್ನಲ್ಲಿ ಇನ್ನೂ ಒಳ್ಳೆಯ ಉತ್ತರ ಇಲ್ಲ.

ಮನೆಯ ತಗಡಿಗೆ ಮಗಳೇ ನಿಂತು ಸುಣ್ಣ ಬಳಿದಳು. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಯಲ್ಲಿ ತುಂಬ ಜನ ಸತ್ತ ಮೇಲೆ, 2013ರಲ್ಲಿ ಆ ಊರು ಬಿಸಿ ಎದುರಿಸುವ ಯೋಜನೆ ಮಾಡಿತು. ಬಡವರ ಮನೆಗಳ ಸೂರಿಗೆ ಬಿಳಿ ಬಳಿಯುವುದು ಅಲ್ಲಿ ಆಮೇಲೆ ನಡೆದಿದೆ. ಸುಣ್ಣ ಮಳೆಗೆ ತೊಳೆದು ಹೋಗುತ್ತದೆ, ಪ್ರತಿ ವರ್ಷ ಬಳಿಯಬೇಕು. ಆದರೂ ಅತ್ತೆ ಒಳಗೆ ಮಲಗಲು ಶುರು ಮಾಡಿದ್ದೇ ಅದಾದ ಮೇಲೆ.

ಇನ್ನೊಂದು ವಿಷಯ ಹೇಳಲೇಬೇಕು. ದೊಡ್ಡಾಸ್ಪತ್ರೆಯ ಬಿಡುಗಡೆ ಚೀಟಿಯಲ್ಲಿ ‘ಕಿಡ್ನಿಗೆ ಹಠಾತ್ ಪೆಟ್ಟು’ ಅಂತ ಮಾತ್ರ ಇತ್ತು. ಬಿಸಿ ಅನ್ನುವ ಪದವೇ ಇರಲಿಲ್ಲ. ನನ್ನ ಏಪ್ರಿಲ್ ಚೀಟಿಯಲ್ಲಿ ‘ಮೂತ್ರದ ಸೋಂಕು’ ಅಂತ ಇತ್ತು. ಬೇಸಿಗೆಯಲ್ಲಿ ಬಿಸಿಯಿಂದ ಕಾಯಿಲೆ ಬಿದ್ದವರ ವರದಿ ಕಳಿಸುವ ವ್ಯವಸ್ಥೆ ನಮ್ಮಲ್ಲಿ ಇದೆ, ಹವಾಮಾನ ಬದಲಾವಣೆ ಮತ್ತು ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ 2019ರಿಂದಲೇ ಇದೆ. ಆದರೆ ಚೀಟಿಯಲ್ಲಿ ಬರೆಯದೆ ಇರುವುದು ವರದಿಗೆ ಹೇಗೆ ಹೋಗುತ್ತದೆ? ಆಪಾ ಆ ಬೇಸಿಗೆಯ ಯಾವ ಲೆಕ್ಕದಲ್ಲೂ ಇರಲಿಲ್ಲ. ನಾನು ಹಿಂದಕ್ಕೆ ಹೋಗಿ ನಮ್ಮ ಪುಸ್ತಕದಲ್ಲಿ ತಿದ್ದಿ, ಮೇಲಿನವರಿಗೆ ಬರೆದು ಕಳಿಸಿದೆ.

ಈಗ ಫೆಬ್ರವರಿ ಬಂದರೆ ನಮ್ಮ ಬಿಪಿ ರೋಗಿಗಳಿಗೆಲ್ಲ ನಾಲ್ಕು ಪ್ರಶ್ನೆ ಕೇಳುತ್ತೇವೆ. ಬೆಂಕಿ ಅಥವಾ ಬಿಸಿಲಿನಲ್ಲಿ ಎಷ್ಟು ಹೊತ್ತು ಕೆಲಸ? ನೋವಿನ ಮಾತ್ರೆ ನುಂಗುತ್ತೀರಾ? ಹಗಲಲ್ಲಿ ಎಷ್ಟು ಸಲ ಮೂತ್ರಕ್ಕೆ ಹೋಗುತ್ತೀರಿ? ಕೆಲಸದ ಜಾಗದಲ್ಲಿ ಹೋಗಲು ಜಾಗ ಇದೆಯಾ? ಕೊನೆಯ ಎರಡನ್ನು ನಾನು ಕೇಳುವುದಿಲ್ಲ, ನರ್ಸ್ ಅಥವಾ ಆಶಾ ಕೇಳುತ್ತಾರೆ. ಉತ್ತರ ನೋಡಿ ಬೇಸಿಗೆಗೆ ಮೊದಲೇ ಮಾತ್ರೆ ಬದಲಿಸಬೇಕಾ ಅಂತ ಯೋಚಿಸುತ್ತೇನೆ.

2025ರ ಫೆಬ್ರವರಿ ಕೊನೆಯಲ್ಲಿ, ರಂಜಾನ್‌ಗೆ ಮೂರು ದಿನ ಮುಂಚೆ, ಆಪಾ ತಾವಾಗೇ ಬಂದರು. ರೋಜಾ ಹಿಡಿಯಬಹುದಾ, ಮಾತ್ರೆ ಯಾವಾಗ ತಗೊಳ್ಳಲಿ ಅಂತ ಕೇಳಲು. ರಕ್ತ ನೋಡಿದೆವು, 1.1. ಭಟ್ಟಿಗೆ ಹೋಗದ ದಿನ ಹಿಡಿಯಿರಿ, ಹೋಗುವ ದಿನದ್ದನ್ನು ತಂಪು ಕಾಲದಲ್ಲಿ ತೀರಿಸಬಹುದಾ ಅಂತ ನಿಮ್ಮ ಗುರುಗಳನ್ನು ಕೇಳಿ, ತಲೆಸುತ್ತು ಬಂದರೆ ಬಿಟ್ಟುಬಿಡಿ ಅಂದೆ. ಕೇಳಿಯೇ ಬಂದಿದ್ದೇನೆ, ಕಾಯಿಲೆ ಇದ್ದವರು ಆಮೇಲೆ ತೀರಿಸಬಹುದು ಅಂದಿದ್ದಾರೆ ಅಂತ ಹೇಳಿದರು.

ಜೊತೆಗೆ ನಾದಿನಿಯನ್ನು ಕರೆತಂದಿದ್ದರು. ಎರಡು ಓಣಿ ಆಚೆಯ ಬೇರೆ ಭಟ್ಟಿಯಲ್ಲಿ ಕೆಲಸ. ಐದು ವರ್ಷದಿಂದ ಸಕ್ಕರೆ ಕಾಯಿಲೆ. “ಇವಳೂ ನೀರು ಕುಡಿಯಲ್ಲ ಮೇಡಂ, ಅಲ್ಲಿ ಕೀಲಿ ಇಲ್ಲ” ಅಂದರು ಆಪಾ. ನಾದಿನಿಯ ಕೈಚೀಲ ತೆಗೆದು ಮಾತ್ರೆ ಪಟ್ಟಿಗಳನ್ನು ಅವರೇ ನನ್ನ ಮೇಜಿನ ಮೇಲೆ ಒಂದೊಂದಾಗಿ ಇಟ್ಟರು.